ಕೋಹಾಕ್ಕೆ ಸೂಚಿ ದಾಖಲೆಗಳ ಆಮದು: ಮೊದಲು ಪರೀಕ್ಷೆ ಹೀಗೆ ಮಾಡಿ

ಗ್ರಂಥಾಲಯ ನಿರ್ವಹಣೆಯ ತಂತ್ರಾಂಶವಾದ ಕೋಹಾಕ್ಕೆ ಪುಸ್ತಕಗಳ ಸೂಚಿಯ (ಕ್ಯಾಟಲಾಗಿನ) ದಾಖಲೆಗಳನ್ನು ತಂದಾಗ, ಆಮದು ಮುಗಿಯಿತು ಎಂಬ ಸಂದೇಶ ತೆರೆಯ ಮೇಲೆ ಬಂದರೆ ಕೋಹಾ ಆ ಫೈಲನ್ನು ಓದಿತು ಎಂದಷ್ಟೇ ಅರ್ಥ. ವಿದ್ಯಾರ್ಥಿ ಹುಡುಕಿದಾಗ ಪುಸ್ತಕ ಸಿಗುತ್ತದೆಯೇ, ಕೌಂಟರಿನಲ್ಲಿ ಬಾರ್‌ಕೋಡ್ ಓದಿಸಿದಾಗ ಅದೇ ಪುಸ್ತಕ ತೆರೆದುಕೊಳ್ಳುತ್ತದೆಯೇ, ಹತ್ತು ಪ್ರತಿಯಿರುವ ಪಠ್ಯಪುಸ್ತಕ ಒಂದೇ ದಾಖಲೆಯ ಕೆಳಗೆ ಹತ್ತು ಪ್ರತಿಗಳಾಗಿ ಕೂತಿದೆಯೇ? ಇವಕ್ಕೆ ಆ ಸಂದೇಶದಲ್ಲಿ ಉತ್ತರವಿಲ್ಲ. ಉತ್ತರ ಬೇಕಿದ್ದರೆ ನಿಜವಾದ ಆಮದಿಗೆ ಮೊದಲು ಪರೀಕ್ಷಾ ಆಮದು ಮಾಡಲೇಬೇಕು. ಅದನ್ನೂ ಕಾಟಾಚಾರಕ್ಕಲ್ಲ, ಕಪಾಟಿನಿಂದ ಪುಸ್ತಕ ತಂದು ಮೇಜಿನ ಮೇಲಿಟ್ಟುಕೊಂಡು ಮಾಡಬೇಕು.

1999ರಲ್ಲಿ ನ್ಯೂಜಿಲೆಂಡಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ಗಾಗಿ ರೂಪುಗೊಂಡ ಕೋಹಾ ಇಂದು ಕರ್ನಾಟಕದ ಹಲವು ಕಾಲೇಜು, ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿದೆ. ತಂತ್ರಾಂಶ ಉಚಿತ, ಮುಕ್ತ. ಅದನ್ನು ಹಾಕಿಕೊಳ್ಳುವುದು ಈಗ ಅಷ್ಟೇನೂ ಕಷ್ಟವಲ್ಲ. ಕಷ್ಟವಿರುವುದು ಹಳೆಯ ತಂತ್ರಾಂಶದಲ್ಲೋ ಎಕ್ಸೆಲ್ ಹಾಳೆಯಲ್ಲೋ ಹತ್ತಾರು ವರ್ಷಗಳಿಂದ ಬೇರೆ ಬೇರೆ ಕೈಗಳು ತುಂಬಿಸಿದ ದಾಖಲೆಗಳನ್ನು ತರುವಲ್ಲಿ. ಈ ಲೇಖನ ಆ ಕೆಲಸದ ಬಗ್ಗೆ. ಉದಾಹರಣೆಗಳೆಲ್ಲ ಕೋಹಾದವು. ಸೋಲ್, ಇ-ಗ್ರಂಥಾಲಯದಂಥ ಬೇರೆ ತಂತ್ರಾಂಶಕ್ಕೆ ಹೋಗುವವರಿಗೂ ಮಾದರಿ ಆರಿಸುವ ಮತ್ತು ಕನ್ನಡ ಅಕ್ಷರಗಳನ್ನು ತಪಾಸಣೆ ಮಾಡುವ ಭಾಗಗಳು ಹಾಗೆಯೇ ಅನ್ವಯಿಸುತ್ತವೆ.

ಹೆಜ್ಜೆ 1: ಪರೀಕ್ಷೆಗೆ ಬೇರೆ ಜಾಗ

ದಿನನಿತ್ಯದ ವಿತರಣೆ ನಡೆಯುತ್ತಿರುವ ಕೋಹಾದ ಮೇಲೆ ಪರೀಕ್ಷೆ ಮಾಡಬೇಡಿ. ಅದೇ ಸರ್ವರಿನಲ್ಲಿ ಇನ್ನೊಂದು ಇನ್‌ಸ್ಟೆನ್ಸ್ (ಕೋಹಾದ ಪ್ರತ್ಯೇಕ ಸ್ಥಾಪನೆ) ತೆರೆಯಬಹುದು, ಅಥವಾ ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿ ಉಬುಂಟು ಹಾಕಿ ಅದರಲ್ಲಿ ಕೋಹಾ ನಿಲ್ಲಿಸಬಹುದು. ಈಗಾಗಲೇ ಕೋಹಾ ಬಳಸುತ್ತಿದ್ದು ಹೊಸ ದಾಖಲೆಗಳನ್ನು ಸೇರಿಸಲು ಹೊರಟಿದ್ದರೆ, ಕೋಹಾ-ಡಂಪ್ ಆದೇಶದಿಂದ ಪ್ರತಿ ತೆಗೆದು ಕೋಹಾ-ರಿಸ್ಟೋರ್‌ನಿಂದ ಪರೀಕ್ಷಾ ಯಂತ್ರದಲ್ಲಿ ಇಳಿಸಿ. ಹಾಗೆ ಇಳಿಸಿದಾಗ ಸದಸ್ಯರ ಇಮೇಲ್ ವಿಳಾಸಗಳೂ ಜೊತೆಗೇ ಬಂದಿರುತ್ತವೆ. ಕೋಹಾ-ಇಮೇಲ್-ಡಿಸೇಬಲ್ ಆದೇಶ ಕೊಟ್ಟು ಅಂಚೆಯನ್ನು ಮೊದಲೇ ನಿಲ್ಲಿಸಿ, ಇಲ್ಲವಾದರೆ ಪರೀಕ್ಷಾ ಯಂತ್ರದಿಂದ ವಿದ್ಯಾರ್ಥಿಗಳಿಗೆ ಬಾಕಿ ಪುಸ್ತಕದ ನೋಟಿಸ್ ಹೋಗಿ ಗೊಂದಲವಾಗುತ್ತದೆ.

ಪರೀಕ್ಷಾ ಯಂತ್ರದಲ್ಲಿ ಗ್ರಂಥಾಲಯದ ಸಂಕೇತ, ಐಟಂ ಟೈಪ್‌ಗಳು, ಕಪಾಟಿನ ಸ್ಥಳಗಳು, ಸಂಗ್ರಹ ಸಂಕೇತಗಳು ನಿಜವಾದ ಯಂತ್ರದಲ್ಲಿ ಇರುವಂತೆಯೇ ಇರಬೇಕು. ಒಂದು ಅಕ್ಷರದ, ಒಂದು ಖಾಲಿ ಜಾಗದ ವ್ಯತ್ಯಾಸವೂ ಬೇಡ. ಇದನ್ನು ಬಿಟ್ಟರೆ ಪರೀಕ್ಷೆಯಲ್ಲಿ ಎಲ್ಲ ಸರಿಬಂದು ನಿಜವಾದ ದಿನ ಕೈಕೊಡುತ್ತದೆ.

ಹೆಜ್ಜೆ 2: ಮಾದರಿಗೆ ಕಷ್ಟದ ಪುಸ್ತಕಗಳನ್ನೇ ಆರಿಸಿ

ಬಹಳ ಕಡೆ ಫೈಲಿನ ಮೊದಲ 50 ಸಾಲುಗಳನ್ನು ಕತ್ತರಿಸಿ ಪರೀಕ್ಷೆ ಮಾಡುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಮೊದಲ ಸಾಲುಗಳು ಸಾಮಾನ್ಯವಾಗಿ ಒಂದೇ ವರ್ಷ ಒಂದೇ ಬಿಲ್ಲಿನಲ್ಲಿ ಬಂದ, ಒಬ್ಬರೇ ಕೂತು ತುಂಬಿಸಿದ ಪುಸ್ತಕಗಳು. ತೊಂದರೆ ಇರುವುದು ಎಲ್ಲೆಂದು ಅಕ್ಸೆಷನ್ ರಿಜಿಸ್ಟರನ್ನು, ಅಂದರೆ ಬಂದ ಪುಸ್ತಕಗಳಿಗೆ ಕ್ರಮಸಂಖ್ಯೆ ಕೊಟ್ಟು ಬರೆದಿಡುವ ದಾಖಲೆ ಪುಸ್ತಕವನ್ನು, ತಿರುವಿ ಹಾಕಿದವರಿಗೆ ಗೊತ್ತು. ಅಂಥವನ್ನೇ ಹೆಕ್ಕಿ ಐವತ್ತು ಅರವತ್ತು ದಾಖಲೆಗಳ ಒಂದು ಸಣ್ಣ ಫೈಲ್ ಮಾಡಿ.

ಅದರಲ್ಲಿ ಇವು ಇರಲಿ: ಐಎಸ್‌ಬಿಎನ್ ಇಲ್ಲದ ಹಳೆಯ ಕನ್ನಡ ಪುಸ್ತಕಗಳು, ಹತ್ತಕ್ಕಿಂತ ಹೆಚ್ಚು ಪ್ರತಿಗಳಿರುವ ಪಠ್ಯಪುಸ್ತಕ, ಮೂರು ನಾಲ್ಕು ಸಂಪುಟಗಳ ಒಂದು ಮಾಲೆ, ಲೇಖಕರಿಲ್ಲದೆ ಸಂಪಾದಕರು ಮಾತ್ರ ಇರುವ ಸಂಕಲನ, ಕನ್ನಡ ಶೀರ್ಷಿಕೆಗೆ ಇಂಗ್ಲಿಷ್ ಉಪಶೀರ್ಷಿಕೆ ಇರುವ ಪುಸ್ತಕ, ಶೀರ್ಷಿಕೆಯೊಳಗೇ ಅಲ್ಪವಿರಾಮ, ಉದ್ಧರಣ ಚಿಹ್ನೆ ಇರುವುದು, ಹೊರಗೆ ಕೊಡದ ಪರಾಮರ್ಶನ ಗ್ರಂಥ, ಬೆಲೆಯಿಲ್ಲದ ದೇಣಿಗೆ ಪುಸ್ತಕ, ಕಳೆದುಹೋದದ್ದು, ರದ್ದಿಗೆ ಹಾಕಿದ್ದು, ಬೈಂಡ್ ಮಾಡಿಸಿದ ನಿಯತಕಾಲಿಕ, ಸಿಡಿ ಜೊತೆಗೆ ಬಂದದ್ದು.

ಇನ್ನೊಂದು ಬಗೆಯ ಪುಸ್ತಕ ನಮ್ಮ ಕಾಲೇಜುಗಳಿಗೇ ವಿಶೇಷವಾದದ್ದು. ಸಾಮಾನ್ಯ ರಿಜಿಸ್ಟರ್ ಬೇರೆ, ಯುಜಿಸಿ ಅನುದಾನದ ರಿಜಿಸ್ಟರ್ ಬೇರೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳ ಬುಕ್ ಬ್ಯಾಂಕ್ ರಿಜಿಸ್ಟರ್ ಬೇರೆ ಇರುವ ಕಡೆ, ಮೂರೂ 1ರಿಂದ ಶುರುವಾಗಿರುತ್ತವೆ. ಹಾಗಾಗಿ 245 ಎಂಬ ಅಕ್ಸೆಷನ್ ನಂಬರ್ ಮೂರು ಪುಸ್ತಕಗಳ ಮೇಲಿರುತ್ತದೆ, ಅದನ್ನೇ ಬಾರ್‌ಕೋಡ್ ಆಗಿ ಬಳಸಿದರೆ ತೊಂದರೆ. ಕೋಹಾದಲ್ಲಿ ಒಂದು ಬಾರ್‌ಕೋಡ್ ಒಂದೇ ಪ್ರತಿಗೆ. ಎರಡನೆಯದು ಬಂದಾಗ ಅದನ್ನು ಸೇರಿಸದೆ ಬಿಟ್ಟುಬಿಡುತ್ತದೆ. ಪುಸ್ತಕದ ದಾಖಲೆ ಕಾಣುತ್ತದೆ, ಪ್ರತಿ ಇರುವುದಿಲ್ಲ. ಪ್ರತಿ ರಿಜಿಸ್ಟರಿಗೂ ಒಂದು ಮುಂಗುರುತು ಕೊಟ್ಟು ಬಾರ್‌ಕೋಡ್ ಬೇರೆ ಮಾಡುವುದೇ ಇದಕ್ಕೆ ದಾರಿ. ಮಾದರಿಯಲ್ಲಿ ಒಂದೇ ಸಂಖ್ಯೆಯ ಮೂರೂ ಪುಸ್ತಕಗಳನ್ನು ಬೇಕೆಂದೇ ಸೇರಿಸಿ.

ಆರಿಸಿದ ಮೇಲೆ, ಆಮದಿಗೆ ಮುಂಚೆಯೇ, ಒಂದು ಹಾಳೆಯಲ್ಲಿ ಪ್ರತಿ ಪುಸ್ತಕ ಕೋಹಾದಲ್ಲಿ ಹೇಗೆ ಕಾಣಬೇಕು ಎಂದು ಬರೆದಿಡಿ: ಶೀರ್ಷಿಕೆ, ಲೇಖಕರು, ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ತೋರಿಸುವ ಸಂಖ್ಯೆ), ಎಷ್ಟು ಪ್ರತಿ, ಹೊರಗೆ ಕೊಡಬಹುದೇ ಇಲ್ಲವೇ. ಈ ಹಾಳೆ ಇಲ್ಲದೆ ಹೋದರೆ ಬಂದದ್ದನ್ನೆಲ್ಲ ನೋಡಿ ಸರಿಯಾಗೇ ಇದೆ ಅನ್ನಿಸಿಬಿಡುತ್ತದೆ. ಕಣ್ಣು ತನಗೆ ಬೇಕಾದದ್ದನ್ನೇ ಓದುತ್ತದೆ.

ಹೆಜ್ಜೆ 3: ಕನ್ನಡ ಅಕ್ಷರಗಳ ತಪಾಸಣೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹೆಜ್ಜೆ ಇದೇ. ಕನ್ನಡದ ಓದುಗರಿಗೆ ಅತಿ ಹೆಚ್ಚು ಅನ್ಯಾಯವಾಗುವುದೂ ಇಲ್ಲಿಯೇ.

ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದ ಆಸ್ಕಿ ಫಾಂಟುಗಳಲ್ಲಿ ತುಂಬಿಸಿದ ದಾಖಲೆಗಳು ಇಂದಿಗೂ ಬೇಕಾದಷ್ಟಿವೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ 'ಕನ್ನಡ' ಎಂಬ ಪದ ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಇದನ್ನು ಯುನಿಕೋಡಿಗೆ ಬದಲಿಸಲು ಪರಿವರ್ತಕಗಳಿವೆ. ಆದರೆ ಪರಿವರ್ತಿಸಿದ ಪಠ್ಯವನ್ನು ಹಾಗೇ ನಂಬಬೇಡಿ. ಆಸ್ಕಿ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ, ಉಳಿದಿರುತ್ತದೆ. ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಈ ಜಾಗವನ್ನು ಅದಲುಬದಲು ಮಾಡದಿದ್ದರೆ ಕರ್ನಾಟಕ 'ಕನಾರ್ಟಕ' ಆಗುತ್ತದೆ, ಅರ್ಥಶಾಸ್ತ್ರ 'ಅಥರ್ಶಾಸ್ತ್ರ' ಆಗುತ್ತದೆ. ಕರ್ನಾಟಕದ ಇತಿಹಾಸ ಎಂದು ಹುಡುಕುವ ಹುಡುಗಿಗೆ ಆ ಕಪಾಟಿನ ಒಂದು ಪುಸ್ತಕವೂ ಸಿಗುವುದಿಲ್ಲ. ಪುಸ್ತಕ ಇಲ್ಲವೆಂದುಕೊಂಡು ಅವಳು ಹೊರಟುಹೋಗುತ್ತಾಳೆ. ಹಾಗಾಗಿ ಇಡೀ ಹಾಳೆಯಲ್ಲಿ 'ಕನಾರ್ಟಕ', 'ಅಥರ್', 'ಮಾಗರ್', 'ಧಮರ್' ಎಂದು ಹುಡುಕಿ ನೋಡಿ. ಒಂದು ಸಿಕ್ಕರೂ ಪರಿವರ್ತನೆಯನ್ನು ಮತ್ತೆ ಮಾಡಿಸಬೇಕು, ಕೈಯಲ್ಲಿ ಒಂದೊಂದೇ ತಿದ್ದಲು ಹೋಗಬಾರದು.

ಎರಡನೆಯದು, ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ. 'ಬೆಂಗಳೂರು' ಮತ್ತು 'ಬೆ೦ಗಳೂರು' ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದರಲ್ಲಿ ಇರುವುದು ಅಂಕಿ. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಯಂತ್ರಕ್ಕೆ ಮಾತ್ರ ಎರಡೂ ಬೇರೆ ಪದ. ಅಕ್ಷರಗಳ ನಡುವೆ ಬರುವ ಕನ್ನಡ ಸೊನ್ನೆಯನ್ನೆಲ್ಲ ಹುಡುಕಿ ಅನುಸ್ವಾರಕ್ಕೆ ಬದಲಿಸಿ. ಪ್ರಕಟಣೆಯ ವರ್ಷವನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಅವು ಇದರಲ್ಲಿ ಸಿಕ್ಕಿಬೀಳದಂತೆ ನೋಡಿಕೊಳ್ಳಿ.

ಮೂರನೆಯದು ಕಣ್ಣಿಗೆ ಕಾಣದ್ದು. 'ರಾಜ್‌ಕುಮಾರ್' ಎಂದು ಬರೆಯುವಾಗ ಜಕಾರ ಕಕಾರಗಳು ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ಒಂದು ಅದೃಶ್ಯ ಅಕ್ಷರ ಇಡುತ್ತೇವೆ. ಒಂದು ದಾಖಲೆಯಲ್ಲಿ ಅದು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಲೇಖಕರ ಪಟ್ಟಿಯಲ್ಲಿ ಒಬ್ಬರೇ ಇಬ್ಬರಾಗುತ್ತಾರೆ. ಹಾಗೆಯೇ ಓತ್ವ, ಏತ್ವ, ಈತ್ವದ ಗುರುತುಗಳನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬಿಡಿಸಿದ ಎರಡು ಮೂರು ತುಂಡುಗಳಾಗಿಯೂ ಬರೆಯಬಹುದು. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಕ್ರಮಕ್ಕೆ ಎನ್‌ಎಫ್‌ಸಿ ಎನ್ನುತ್ತಾರೆ. ಕಂಪ್ಯೂಟರ್ ವಿಭಾಗದವರನ್ನು ಕೇಳಿದರೆ ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಮಿನಲ್ಲಿ ಮಾಡಿಕೊಡುತ್ತಾರೆ.

ಇನ್ನು ಎಕ್ಸೆಲ್. ಹಾಳೆಯನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ, ಅಂದರೆ ಮಾಮೂಲಿ ಸಿಎಸ್‌ವಿಯಾಗಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು. ಯುಟಿಎಫ್-8 (ಯುನಿಕೋಡಿನ ಒಂದು ಅಕ್ಷರ ಸಂಕೇತ) ಎಂದು ಸ್ಪಷ್ಟವಾಗಿ ಹೇಳಿರುವ ಸಿಎಸ್‌ವಿ ಬಗೆಯನ್ನೇ ಆರಿಸಿ. ಲಿಬ್ರೆ ಆಫೀಸ್ ಕ್ಯಾಲ್ಕ್ ತೆರೆಯುವಾಗಲೂ ಉಳಿಸುವಾಗಲೂ ಅಕ್ಷರ ಸಂಕೇತ ಯಾವುದೆಂದು ಕೇಳುತ್ತದೆ, ಈ ಕೆಲಸಕ್ಕೆ ನನ್ನ ಒಲವು ಅದರ ಕಡೆಗೇ. 13 ಅಂಕಿಯ ಐಎಸ್‌ಬಿಎನ್ ಇರುವ ಕಾಲಂ ಪಠ್ಯವೆಂದು ಗುರುತಾಗಿರಲಿ. ಇಲ್ಲದಿದ್ದರೆ ಎಕ್ಸೆಲ್ ಅದನ್ನು 9.78ರಿಂದ ಶುರುವಾಗುವ ಘಾತಸಂಖ್ಯೆಯಾಗಿ ತೋರಿಸಿ, ಸಿಎಸ್‌ವಿಗೆ ಬರೆಯುವಾಗ ಕೊನೆಯ ಅಂಕಿಗಳನ್ನು ಕಳೆದುಬಿಡುತ್ತದೆ. 000123 ಎಂಬ ಬಾರ್‌ಕೋಡ್ 123 ಆಗುವುದೂ ಹೀಗೆಯೇ. ಪುಸ್ತಕದ ಮೇಲೆ ಅಂಟಿಸಿದ ಚೀಟಿಯನ್ನು ಸ್ಕ್ಯಾನರ್ ಓದಿದಾಗ ಆರು ಅಂಕಿ ಬರುತ್ತದೆ, ಕೋಹಾದಲ್ಲಿರುವುದು ಮೂರು.

ಹೆಜ್ಜೆ 4: ಮಾರ್ಕ್ ಫೈಲ್ ಮಾಡುವುದು

ಮಾರ್ಕ್ ಎಂದರೆ ಸೂಚಿ ದಾಖಲೆಯನ್ನು ಸಂಖ್ಯೆಯಿಂದ ಗುರುತಿಸಿದ ಕ್ಷೇತ್ರಗಳಲ್ಲಿ, ಯಂತ್ರ ಓದುವಂತೆ ಬರೆಯುವ ರೂಪ. ಹಳೆಯ ತಂತ್ರಾಂಶವೇ ಮಾರ್ಕ್ 21 ರೂಪದಲ್ಲಿ ರಫ್ತು ಮಾಡುತ್ತಿದ್ದರೆ ಈ ಹೆಜ್ಜೆ ಹಗುರ. ಎಕ್ಸೆಲ್ ಹಾಳೆ ಮಾತ್ರ ಇದ್ದರೆ ಮಾರ್ಕ್‌ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರ್ ಎಂಬ ಸಲಕರಣೆ ಇದೆ. ಯಾವ ಕಾಲಂ ಯಾವ ಕ್ಷೇತ್ರಕ್ಕೆ ಎಂದು ಅದರಲ್ಲಿ ಹೊಂದಿಸಬೇಕು: ಐಎಸ್‌ಬಿಎನ್ 020ಕ್ಕೆ, ವರ್ಗಾಂಕ 082ಕ್ಕೆ, ಲೇಖಕರು 100ಕ್ಕೆ, ಶೀರ್ಷಿಕೆ 245ಕ್ಕೆ, ಪ್ರಕಾಶಕರು ಮತ್ತು ವರ್ಷ 260 ಅಥವಾ 264ಕ್ಕೆ, ಪುಟಗಳು 300ಕ್ಕೆ, ವಿಷಯ 650ಕ್ಕೆ. ಈ ಹೊಂದಿಕೆಯನ್ನು ಉಳಿಸಿಟ್ಟುಕೊಳ್ಳಿ. ಪ್ರತಿ ಬಾರಿ ಹೊಸದಾಗಿ ಮಾಡಿದರೆ ಎಲ್ಲೋ ಒಂದು ಕಾಲಂ ಜಾರುತ್ತದೆ, ಆಗ ತಪ್ಪು ಹಾಳೆಯದೋ ಹೊಂದಿಕೆಯದೋ ತಿಳಿಯುವುದಿಲ್ಲ.

ಲೇಖಕರ ಕಾಲಂ ಬಗ್ಗೆ ಒಂದು ಮಾತು. ನಮ್ಮ ಹಾಳೆಗಳಲ್ಲಿ 'ಡಾ.', 'ಪ್ರೊ.', 'ಶ್ರೀಮತಿ' ಹೆಸರಿನ ಜೊತೆಗೇ ಇರುತ್ತವೆ. ಅದನ್ನು ಹಾಗೆಯೇ 100ಕ್ಕೆ ಕಳಿಸಿದರೆ ನಾಡಿನ ಅರ್ಧದಷ್ಟು ಲೇಖಕರು ಡಕಾರದ ಕೆಳಗೆ ಬಂದು ನಿಲ್ಲುತ್ತಾರೆ. ತೆಗೆದುಹಾಕಿ. ಇನ್ನು 'ಕುವೆಂಪು' ಎಂದು ಒಂದು ಕಡೆ, 'ಪುಟ್ಟಪ್ಪ, ಕೆ.ವಿ.' ಎಂದು ಇನ್ನೊಂದು ಕಡೆ ಇದ್ದರೆ ಯಾವುದನ್ನು ಉಳಿಸಬೇಕೆಂಬುದು ಗ್ರಂಥಪಾಲಕರು ಮಾಡಬೇಕಾದ ನಿರ್ಧಾರ. ಓದುಗರು ಯಾವ ಹೆಸರಿನಿಂದ ಹುಡುಕುತ್ತಾರೋ ಅದನ್ನೇ ಉಳಿಸಿ ಇನ್ನೊಂದನ್ನು ಅಥಾರಿಟಿ ದಾಖಲೆಯಲ್ಲಿ (ಹೆಸರಿನ ಒಪ್ಪಿತ ರೂಪವನ್ನು ಇಡುವ ದಾಖಲೆಯಲ್ಲಿ) ಅಡ್ಡಸೂಚನೆಯಾಗಿ ಇಡುವುದು ಒಳ್ಳೆಯದು. ಒಂದೇ ಹೆಸರಿನ ಬೇರೆ ಬೇರೆ ಬರವಣಿಗೆಗಳನ್ನು ಗುಂಪು ಮಾಡಿ ತೋರಿಸಲು ಓಪನ್‌ರಿಫೈನ್ ಎಂಬ ತಂತ್ರಾಂಶ ಬಹಳ ಉಪಯುಕ್ತ. ಇಂಗ್ಲಿಷ್ ಶೀರ್ಷಿಕೆ 'ದಿ' ಎಂಬ ಪದದಿಂದ ಶುರುವಾದರೆ 245ರ ಎರಡನೆಯ ಇಂಡಿಕೇಟರ್ (ವಿಂಗಡಿಸುವಾಗ ಶುರುವಿನ ಎಷ್ಟು ಸ್ಥಾನ ಬಿಡಬೇಕೆಂದು ಹೇಳುವ ಅಂಕಿ) 4 ಆಗಬೇಕು, ಕನ್ನಡ ಶೀರ್ಷಿಕೆಗೆ ಅದು 0.

ಭಾಷೆಯನ್ನು ಮರೆಯಬೇಡಿ. 008 ಕ್ಷೇತ್ರದ 35ರಿಂದ 37ನೇ ಸ್ಥಾನಗಳಲ್ಲಿ ಭಾಷೆಯ ಮೂರಕ್ಷರದ ಸಂಕೇತ ಇರಬೇಕು. ಒಂದೇ ಅಚ್ಚಿನ 008 ಅನ್ನು ಎಲ್ಲ ದಾಖಲೆಗೂ ಅಂಟಿಸಿದರೆ ಕನ್ನಡ ಪುಸ್ತಕಗಳೆಲ್ಲ ಇಂಗ್ಲಿಷ್ ಎಂದು ದಾಖಲಾಗುತ್ತವೆ, ಭಾಷೆಯ ಮೇಲೆ ಸೋಸಿ ಹುಡುಕುವವರಿಗೆ ಕನ್ನಡ ಸಂಗ್ರಹವೇ ಮಾಯವಾಗುತ್ತದೆ.

ಈಗ ಅಕ್ಷರ ಸಂಕೇತ. ಮಾರ್ಕ್ ದಾಖಲೆಯ ಮೊದಲ 24 ಸ್ಥಾನಗಳನ್ನು ಲೀಡರ್ ಎನ್ನುತ್ತಾರೆ. ಎಣಿಕೆ ಸೊನ್ನೆಯಿಂದ ಶುರು. ಅದರ 9ನೇ ಸ್ಥಾನದಲ್ಲಿ ಸಣ್ಣ 'ಎ' ಇದ್ದರೆ ಯುನಿಕೋಡ್ ಎಂದು, ಖಾಲಿ ಇದ್ದರೆ ಹಳೆಯ ಮಾರ್ಕ್-8 ಎಂದು ಅರ್ಥ. ಒಳಗಿರುವುದು ಯುನಿಕೋಡ್ ಕನ್ನಡವಾಗಿದ್ದು ಈ ಸ್ಥಾನ ಖಾಲಿಯಾಗಿದ್ದರೆ ಕನ್ನಡ ಕೆಡುವ ಸಂಭವವಿದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ಐಎಸ್‌ಒ 2709 ರೂಪದ ಮಾರ್ಕ್ ಫೈಲಿನಲ್ಲಿ ಪ್ರತಿ ಕ್ಷೇತ್ರ ಎಷ್ಟು ಉದ್ದ, ಎಲ್ಲಿಂದ ಶುರು ಎಂಬ ಲೆಕ್ಕ ಮೊದಲೇ ಬರೆದಿರುತ್ತದೆ. ಆ ಲೆಕ್ಕ ಬೈಟ್‌ಗಳಲ್ಲಿರಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಕನ್ನಡ' ಎಂಬ ಪದದಲ್ಲಿ ಐದು ಸಂಕೇತಗಳಿವೆ, ಅಂದರೆ 15 ಬೈಟ್. ರಫ್ತು ಮಾಡುವ ತಂತ್ರಾಂಶ 15 ಎನ್ನುವ ಬದಲು 5 ಎಂದು ಬರೆದರೆ ಶೀರ್ಷಿಕೆ ನಡುವೆಯೇ ತುಂಡಾಗಿ ಅದರ ಬಾಲ ಮುಂದಿನ ಕ್ಷೇತ್ರದೊಳಗೆ ನುಗ್ಗುತ್ತದೆ. ಇಂಗ್ಲಿಷ್ ದಾಖಲೆಗಳೆಲ್ಲ ಸರಿಯಿದ್ದು ಕನ್ನಡದವು ಮಾತ್ರ ಚಿಂದಿಯಾಗಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ಅಂಥ ಸಂದರ್ಭದಲ್ಲಿ ಮಾರ್ಕ್‌ಎಕ್ಸ್‌ಎಂಎಲ್ ರೂಪದಲ್ಲಿ ರಫ್ತು ಮಾಡಲು ಸಾಧ್ಯವೇ ನೋಡಿ. ಅದರಲ್ಲಿ ಈ ಉದ್ದದ ಲೆಕ್ಕವೇ ಇಲ್ಲ. ಐಎಸ್‌ಒ 2709ರಲ್ಲಿ ಒಂದು ದಾಖಲೆ 99,999 ಬೈಟ್ ಮೀರುವಂತಿಲ್ಲ ಎಂಬ ಮಿತಿಯೂ ಇದೆ, ನೂರಾರು ಪ್ರತಿಗಳಿರುವ ಪಠ್ಯಪುಸ್ತಕ ಆ ಮಿತಿಯನ್ನು ಮುಟ್ಟಬಲ್ಲದು.

ಫೈಲ್ ತಯಾರಾದ ಮೇಲೆ ಮಾರ್ಕ್‌ಎಡಿಟ್‌ನ ವ್ಯಾಲಿಡೇಟರ್ ಓಡಿಸಿ, ಅದು ತೋರಿಸುವ ರಾಚನಿಕ ದೋಷಗಳನ್ನು ಮೊದಲು ತಿದ್ದಿ.

ಹೆಜ್ಜೆ 5: ಪ್ರತಿಯ ವಿವರ, ಅಂದರೆ 952

ಕೋಹಾದಲ್ಲಿ ಪುಸ್ತಕದ ವಿವರ ಒಂದು ಕಡೆ, ಅದರ ಒಂದೊಂದು ಪ್ರತಿಯ ವಿವರ ಇನ್ನೊಂದು ಕಡೆ. ಪ್ರತಿಯದ್ದು ಮಾರ್ಕ್ ದಾಖಲೆಯ 952ನೇ ಕ್ಷೇತ್ರದಲ್ಲಿ, ಅದರೊಳಗಿನ ಉಪಕ್ಷೇತ್ರಗಳೆಂಬ ಭಾಗಗಳಲ್ಲಿ ಬರುತ್ತದೆ. ಎ ಉಪಕ್ಷೇತ್ರದಲ್ಲಿ ಪುಸ್ತಕ ಯಾವ ಗ್ರಂಥಾಲಯಕ್ಕೆ ಸೇರಿದ್ದು, ಬಿಯಲ್ಲಿ ಈಗ ಎಲ್ಲಿದೆ, ಸಿಯಲ್ಲಿ ಕಪಾಟಿನ ಸ್ಥಳ, ಡಿಯಲ್ಲಿ ಬಂದ ದಿನಾಂಕ, ಜಿಯಲ್ಲಿ ಬೆಲೆ, ಓ ಉಪಕ್ಷೇತ್ರದಲ್ಲಿ ಕಾಲ್ ನಂಬರ್, ಪಿಯಲ್ಲಿ ಬಾರ್‌ಕೋಡ್, ವೈಯಲ್ಲಿ ಐಟಂ ಟೈಪ್. 7 ಎಂಬ ಉಪಕ್ಷೇತ್ರ ಹೊರಗೆ ಕೊಡುವಂತಿಲ್ಲ ಎಂಬುದಕ್ಕೆ, 1 ಕಳೆದುಹೋದದ್ದಕ್ಕೆ.

ಎ ಮತ್ತು ಬಿಯಲ್ಲಿ ಹಾಕಿದ ಸಂಕೇತ ಕೋಹಾದಲ್ಲಿ ಇಲ್ಲದಿದ್ದರೆ ಆ ಪ್ರತಿ ಸೇರುವುದಿಲ್ಲ. ಕಾಲೇಜಿನ ಪೂರ್ತಿ ಹೆಸರು ಬರೆದರೆ ನಡೆಯುವುದಿಲ್ಲ, ಆಡಳಿತ ವಿಭಾಗದಲ್ಲಿ ಕೊಟ್ಟ ಚುಟುಕು ಸಂಕೇತವೇ ಬೇಕು. ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿರಬೇಕು. 05/06/2012 ಎಂಬುದು ಜೂನ್ ಐದೋ ಮೇ ಆರೋ ಎಂದು ಹಾಳೆ ನೋಡಿದರೆ ತಿಳಿಯುವುದಿಲ್ಲ, ಅಕ್ಸೆಷನ್ ರಿಜಿಸ್ಟರಿನ ಪುಟವನ್ನೇ ತೆಗೆದು ನೋಡಬೇಕು. ಬೆಲೆಯಲ್ಲಿ 'ರೂ. 250/-' ಎಂದಿದ್ದರೆ ಅಕ್ಷರ, ಗೀಟು ಎಲ್ಲ ತೆಗೆದು 250.00 ಎಂದು ಮಾತ್ರ ಉಳಿಸಿ. ಕಳೆದುಹೋದ ಪುಸ್ತಕಕ್ಕೆ ದಂಡ ಲೆಕ್ಕ ಹಾಕುವಾಗ ಈ ಬೆಲೆ ಬೇಕಾಗುತ್ತದೆ.

ಪುಸ್ತಕಕ್ಕೇ ಸೇರಿದ ಐಟಂ ಟೈಪ್ 942ರ ಸಿ ಉಪಕ್ಷೇತ್ರದಲ್ಲಿ ಬರಬೇಕು. ಇನ್ನೊಂದು ಕೋಹಾದಿಂದ ತಂದ ದಾಖಲೆಗಳಾದರೆ 999 ಕ್ಷೇತ್ರವನ್ನು ಅಳಿಸಿಬಿಡಿ, ಅದರಲ್ಲಿರುವುದು ಆ ಗ್ರಂಥಾಲಯದ ಒಳಗಿನ ಸಂಖ್ಯೆಗಳು.

ಹೆಜ್ಜೆ 6: ಸ್ಟೇಜ್ ಮಾಡುವುದು ಮತ್ತು ಹೊಂದಿಕೆ ನಿಯಮ

ಕೋಹಾದ ಹೊಸ ಆವೃತ್ತಿಗಳಲ್ಲಿ ಕ್ಯಾಟಲಾಗಿಂಗ್ ವಿಭಾಗದಲ್ಲಿ, ಹಳೆಯವುಗಳಲ್ಲಿ ಟೂಲ್ಸ್ ವಿಭಾಗದಲ್ಲಿ ಸ್ಟೇಜ್ ಮಾರ್ಕ್ ರೆಕಾರ್ಡ್ಸ್ ಎಂಬ ಆಯ್ಕೆಯಿದೆ. ಫೈಲನ್ನು ಅಲ್ಲಿ ಹಾಕಿ, ಅಕ್ಷರ ಸಂಕೇತ ಯುಟಿಎಫ್-8 ಇದೆಯೇ ನೋಡಿ, ಫೈಲಿನ ರೂಪ ಮಾರ್ಕೋ ಮಾರ್ಕ್‌ಎಕ್ಸ್‌ಎಂಎಲ್ಲೋ ಆರಿಸಿ. ಸ್ಟೇಜ್ ಮಾಡಿದ ಮಾತ್ರಕ್ಕೆ ಸೂಚಿಗೆ ಏನೂ ಸೇರುವುದಿಲ್ಲ. ದಾಖಲೆಗಳು ಹೊರಗಿನ ಜಗಲಿಯಲ್ಲಿ ಕಾದು ಕೂತಿರುತ್ತವೆ. ಅಲ್ಲಿ ಬರುವ ಸಾರಾಂಶದಲ್ಲಿ ಫೈಲಿನಲ್ಲಿದ್ದ ದಾಖಲೆಗಳೆಷ್ಟು, ಓದಲಾಗದವೆಷ್ಟು, ಸಿಕ್ಕ ಪ್ರತಿಗಳೆಷ್ಟು ಎಂದಿರುತ್ತದೆ. ನಿಮ್ಮ ಹಾಳೆಯ ಲೆಕ್ಕಕ್ಕೆ ಅದು ತಾಳೆಯಾಗದಿದ್ದರೆ ಮುಂದೆ ಹೋಗಬೇಡಿ.

ಹೊಂದಿಕೆ ನಿಯಮವೆಂದರೆ ಬರುವ ದಾಖಲೆ ಆಗಲೇ ಸೂಚಿಯಲ್ಲಿದೆಯೇ ಎಂದು ಪತ್ತೆಹಚ್ಚುವ ನಿಯಮ. ಆಡಳಿತ ವಿಭಾಗದಲ್ಲಿ ರೆಕಾರ್ಡ್ ಮ್ಯಾಚಿಂಗ್ ರೂಲ್ಸ್ ಎಂಬಲ್ಲಿ ಇದನ್ನು ಬರೆಯಬಹುದು. ಐಎಸ್‌ಬಿಎನ್ ಮೇಲಿನ ನಿಯಮ ಇಂಗ್ಲಿಷ್ ಪಠ್ಯಪುಸ್ತಕಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲವಾದ್ದರಿಂದ ಅವುಗಳಿಗೆ ಶೀರ್ಷಿಕೆ ಮತ್ತು ಲೇಖಕರ ಮೇಲೆ ಇನ್ನೊಂದು ನಿಯಮ ಬೇಕು. ಆ ನಿಯಮ 'ಕವಿತೆಗಳು', 'ಸಮಗ್ರ ಕಥೆಗಳು' ಎಂಬಂಥ ಶೀರ್ಷಿಕೆಗಳಲ್ಲಿ ಬೇರೆ ಮುದ್ರಣಗಳನ್ನೂ ಒಂದೇ ಎಂದುಕೊಳ್ಳಬಹುದು, ಹಾಗಾಗಿ ಹೊಂದಿಕೆಯಾದವನ್ನು ಒಂದೊಂದೇ ತೆರೆದು ನೋಡಿ. ಹಳೆಯ ಹತ್ತಂಕಿಯ ಐಎಸ್‌ಬಿಎನ್ ಒಂದು ಕಡೆ, ಹದಿಮೂರಂಕಿಯದು ಇನ್ನೊಂದು ಕಡೆ ಇದ್ದರೆ ನೇರವಾಗಿ ಹೊಂದುವುದಿಲ್ಲ. ಮುಂದೆ 978 ಸೇರಿಸಿದರೆ ಸಾಲದು, ಕೊನೆಯ ಪರಿಶೀಲನಾ ಅಂಕಿಯೂ ಬದಲಾಗುತ್ತದೆ. ಇದಕ್ಕಾಗಿ ಕೋಹಾದಲ್ಲಿ ಅಗ್ರೆಸಿವ್‌ಮ್ಯಾಚ್‌ಆನ್‌ಐಎಸ್‌ಬಿಎನ್ ಎಂಬ ಸಿಸ್ಟಂ ಪ್ರಿಫರೆನ್ಸ್ ಇದೆ.

ಹಲವರು ಎಡವುವುದು ಈ ಮುಂದಿನ ಜಾಗದಲ್ಲಿ. ಕೋಹಾ ಹೊಂದಿಸಿ ನೋಡುವುದು ಆಗಲೇ ಸೂಚಿಯಲ್ಲಿರುವ ದಾಖಲೆಗಳ ಜೊತೆಗೆ ಮಾತ್ರ. ಒಂದೇ ಫೈಲಿನೊಳಗೆ ಇರುವ ಎರಡು ದಾಖಲೆಗಳನ್ನು ಅದು ಪರಸ್ಪರ ಹೋಲಿಸುವುದಿಲ್ಲ. ಹಳೆಯ ರಫ್ತು ಅಕ್ಸೆಷನ್ ನಂಬರಿಗೆ ಒಂದು ಸಾಲಿನಂತೆ ಬಂದಿದ್ದರೆ, ಹತ್ತು ಪ್ರತಿಯ ಪಠ್ಯಪುಸ್ತಕ ಹತ್ತು ದಾಖಲೆಗಳಾಗಿ ಒಳಗೆ ಬರುತ್ತದೆ. ಹೊಂದಿಕೆ ನಿಯಮ ಎಷ್ಟೇ ಚೆನ್ನಾಗಿದ್ದರೂ ಅದನ್ನು ತಡೆಯಲಾರದು. ವಿದ್ಯಾರ್ಥಿ ಹುಡುಕಿದರೆ ಒಂದೇ ಶೀರ್ಷಿಕೆ ಹತ್ತು ಬಾರಿ, ಪ್ರತಿಯೊಂದರ ಕೆಳಗೆ ಒಂದೇ ಪ್ರತಿ. ಹಾಗಾಗಿ ಒಂದೇ ಪುಸ್ತಕದ ಸಾಲುಗಳನ್ನು ಆಮದಿಗೆ ಮೊದಲೇ, ಹಾಳೆಯಲ್ಲಿ ಅಥವಾ ಮಾರ್ಕ್‌ಎಡಿಟ್‌ನಲ್ಲಿ, ಒಟ್ಟುಗೂಡಿಸಿ ಒಂದು ದಾಖಲೆಯೊಳಗೆ ಹತ್ತು 952 ಇರುವಂತೆ ಮಾಡಬೇಕು. ಫೈಲನ್ನು ತುಂಡು ಮಾಡಿ ತರುವುದಾದರೆ ಮೊದಲ ತುಂಡು ಆಮದಾಗಿ, ಹುಡುಕಾಟದ ಸೂಚ್ಯಂಕವೂ ತಯಾರಾದ ಮೇಲೆ ಎರಡನೆಯದನ್ನು ಸ್ಟೇಜ್ ಮಾಡಿ. ಹೊಂದಿಕೆ ನಡೆಯುವುದು ಆ ಸೂಚ್ಯಂಕದ ಮೂಲಕವೇ.

ಹೊಂದಿಕೆಯಾದಾಗ ಏನು ಮಾಡಬೇಕು ಎಂಬುದನ್ನೂ ಇಲ್ಲೇ ಹೇಳಬೇಕು. ಸೂಚಿಯಲ್ಲಿ ಈಗಾಗಲೇ ಕೈಯಿಂದ ತಿದ್ದಿದ ಒಳ್ಳೆಯ ದಾಖಲೆಗಳಿದ್ದರೆ, ಬರುವ ದಾಖಲೆಯನ್ನು ಕಡೆಗಣಿಸಿ ಪ್ರತಿಗಳನ್ನು ಮಾತ್ರ ಸೇರಿಸಿ ಎಂಬ ಆಯ್ಕೆಯೇ ಕ್ಷೇಮ. ಹಳೆಯದನ್ನು ಅಳಿಸಿ ಹೊಸದನ್ನು ಇಡು ಎಂದು ಕಣ್ಣುಮುಚ್ಚಿ ಒತ್ತಬೇಡಿ, ವಿಷಯ ಶೀರ್ಷಿಕೆಗಳಿಗಾಗಿ ಯಾರೋ ಪಟ್ಟ ಶ್ರಮ ಒಂದು ಕ್ಲಿಕ್ಕಿಗೆ ಹೋಗುತ್ತದೆ.

ಹೆಜ್ಜೆ 7: ಒಳಗೆ ತಂದು ಪುಸ್ತಕದ ಜೊತೆ ತಾಳೆ ನೋಡುವುದು

ಮ್ಯಾನೇಜ್ ಸ್ಟೇಜ್ಡ್ ರೆಕಾರ್ಡ್ಸ್ ಪುಟದಿಂದ ಆಮದು ಮಾಡಿ. ಬರುವ ವರದಿಯಲ್ಲಿ ಬಾರ್‌ಕೋಡ್ ಪುನರಾವರ್ತನೆಯಿಂದ ಬಿಟ್ಟ ಪ್ರತಿಗಳ ಸಂಖ್ಯೆಯನ್ನು ಮೊದಲು ನೋಡಿ. ಬುಕ್ ಬ್ಯಾಂಕಿನ ತೊಂದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಈಗ ಕಪಾಟಿಗೆ ಹೋಗಿ ಮಾದರಿಯ ಪುಸ್ತಕಗಳನ್ನೆಲ್ಲ ತಂದು ಮೇಜಿನ ಮೇಲಿಡಿ. ಗ್ರಂಥಾಲಯ ಸಹಾಯಕರನ್ನು ಜೊತೆಗೆ ಕೂರಿಸಿಕೊಳ್ಳಿ. ಕೌಂಟರಿನಲ್ಲಿ ದಿನವೂ ಪುಸ್ತಕ ಕೊಡುವ ಅವರ ಕಣ್ಣು ಬಹಳ ಚುರುಕು. ಒಬ್ಬರು ಪುಸ್ತಕದ ಬಾರ್‌ಕೋಡ್ ಓದಿಸಲಿ, ಇನ್ನೊಬ್ಬರು ತೆರೆಯ ಮೇಲೆ ಬಂದದ್ದನ್ನು ಹಾಳೆಯೊಂದಿಗೆ ತಾಳೆ ನೋಡಲಿ. ಬೆನ್ನಿನ ಚೀಟಿಯಲ್ಲಿ 894.8143 ಎಂದು ಕನ್ನಡ ಕಾದಂಬರಿಯ ವರ್ಗಾಂಕ ಇದ್ದರೆ ತೆರೆಯ ಮೇಲೂ ಅದೇ ಇರಬೇಕು, ಲೇಖಕರ ಗುರುತಿನ ಅಕ್ಷರಗಳೂ ಸೇರಿ. ಕನ್ನಡ ಪುಸ್ತಕದ ಗುರುತಿಗೆ ಕೆಲವು ಕಡೆ ಕನ್ನಡ ಅಕ್ಷರ, ಕೆಲವು ಕಡೆ ರೋಮನ್ ಅಕ್ಷರ ಬಳಸುತ್ತಾರೆ, ಎರಡೂ ಕಲಸಿಹೋಗಿದ್ದರೆ ಇಲ್ಲಿ ತಿಳಿಯುತ್ತದೆ.

ಆಮೇಲೆ ಓದುಗರು ಹುಡುಕುವ ಪುಟವಾದ ಓಪ್ಯಾಕ್ ತೆರೆದು ವಿದ್ಯಾರ್ಥಿಯಂತೆ ಹುಡುಕಿ. ಶೀರ್ಷಿಕೆಯ ಮಧ್ಯದ ಒಂದು ಪದ ಕೊಡಿ. ಲೇಖಕರ ಹೆಸರನ್ನು ಇನಿಷಿಯಲ್ ಇಲ್ಲದೆ ಕೊಡಿ. ಒತ್ತಕ್ಷರ ಇರುವ ಪದ, ಅರ್ಕಾವೊತ್ತಿನ ಪದ, ಅನುಸ್ವಾರದ ಪದ ಒಂದೊಂದನ್ನು ಕೀಲಿಮಣೆಯಿಂದಲೇ ಟೈಪ್ ಮಾಡಿ. ಹಾಳೆಯಿಂದ ನಕಲು ಮಾಡಿ ಅಂಟಿಸಬೇಡಿ, ಹಾಗೆ ಮಾಡಿದರೆ ದೋಷವೂ ನಕಲಾಗಿ ಪುಸ್ತಕ ಸಿಕ್ಕಂತೆ ಕಾಣುತ್ತದೆ. ಫೋನಿನ ಕೀಲಿಮಣೆಯಿಂದಲೂ ಒಮ್ಮೆ ಹುಡುಕಿ, ಈಗಿನ ವಿದ್ಯಾರ್ಥಿಗಳು ಹುಡುಕುವುದು ಅದರಿಂದಲೇ.

ಆಮದಾದ ಕೂಡಲೇ ಏನೂ ಸಿಗದಿದ್ದರೆ ಗಾಬರಿ ಬೇಡ, ಸೂಚ್ಯಂಕ ತಯಾರಾಗಲು ಹೊತ್ತು ಹಿಡಿಯುತ್ತದೆ. ಕಾದ ಮೇಲೂ ಕನ್ನಡ ಮಾತ್ರ ಸಿಗದಿದ್ದರೆ ಜೀಬ್ರಾ ಎಂಬ ಹುಡುಕು ಯಂತ್ರವನ್ನು ಐಸಿಯು ಎಂಬ ಯುನಿಕೋಡ್ ಕ್ರಮಕ್ಕೆ ಹೊಂದಿಸಿದೆಯೇ ಎಂದು ಸರ್ವರ್ ನೋಡಿಕೊಳ್ಳುವವರನ್ನು ಕೇಳಿ. ರೋಮನ್ ಅಲ್ಲದ ಲಿಪಿಗಳಿಗೆ ಅದು ಬೇಕು. ಬದಲಿಸಿದ ಮೇಲೆ ಸೂಚ್ಯಂಕವನ್ನು ಪೂರ್ತಿಯಾಗಿ ಮತ್ತೆ ಕಟ್ಟಿಸಬೇಕು.

ಕೊನೆಗೆ ಒಂದು ಪರೀಕ್ಷಾ ಸದಸ್ಯತ್ವ ಮಾಡಿ ಪುಸ್ತಕ ಕೊಡಿ, ವಾಪಸ್ ತೆಗೆದುಕೊಳ್ಳಿ, ಕಾಯ್ದಿರಿಸಿ. ಪರಾಮರ್ಶನ ಗ್ರಂಥವನ್ನು ಕೊಡಲು ಹೋದರೆ ಕೋಹಾ ತಡೆಯಬೇಕು. ತಡೆಯದಿದ್ದರೆ 952ರ 7ನೇ ಉಪಕ್ಷೇತ್ರ ಸರಿಯಾಗಿ ಬಂದಿಲ್ಲ. ವಾಪಸಾತಿಯ ದಿನ ನಿಮ್ಮ ನಿಯಮದಂತೆ ಬಾರದಿದ್ದರೆ ಐಟಂ ಟೈಪ್ ಸಂಕೇತ ನೋಡಿ.

ವರದಿ ವಿಭಾಗದಲ್ಲಿ ಎಸ್‌ಕ್ಯುಎಲ್ ವರದಿಗಳನ್ನು ಬರೆದಿಟ್ಟುಕೊಂಡರೆ ದೊಡ್ಡ ಆಮದಿನ ದಿನ ಬಹಳ ನೆರವಾಗುತ್ತದೆ: ಒಂದೂ ಪ್ರತಿಯಿಲ್ಲದ ದಾಖಲೆಗಳು, ಬಾರ್‌ಕೋಡ್ ಇಲ್ಲದ ಪ್ರತಿಗಳು, ಒಂದೇ ಶೀರ್ಷಿಕೆ ಲೇಖಕರಿರುವ ಬೇರೆ ಬೇರೆ ದಾಖಲೆಗಳು, ಕಾಲ್ ನಂಬರ್ ಖಾಲಿ ಇರುವವು.

ಹೆಜ್ಜೆ 8: ರದ್ದು ಮಾಡಿ ಮತ್ತೆ ಮಾಡುವುದು, ಆಮೇಲೆ ನಿಜವಾದ ದಿನ

ಆಮದನ್ನು ಹಿಂತೆಗೆದುಕೊಳ್ಳುವ ಬಟನ್ ಕೋಹಾದಲ್ಲೇ ಇದೆ. ಪರೀಕ್ಷೆಯಲ್ಲೇ ಅದನ್ನೂ ಒತ್ತಿ ನೋಡಿ. ಸದಸ್ಯರಿಗೆ ಕೊಟ್ಟಿರುವ ಪ್ರತಿ ಇದ್ದರೆ ಆ ದಾಖಲೆ ಅಳಿಯುವುದಿಲ್ಲ, ಮೊದಲು ವಾಪಸ್ ತೆಗೆದುಕೊಳ್ಳಬೇಕು. ಈ ಕಾರಣಕ್ಕೇ ನಿಜವಾದ ಆಮದಿನ ನಂತರ ತಪಾಸಣೆ ಮುಗಿಯುವವರೆಗೆ ಕೌಂಟರ್ ತೆರೆಯಬಾರದು. ತಪ್ಪು ಸಿಕ್ಕಾಗ ಕೋಹಾದೊಳಗೆ ತಿದ್ದಬೇಡಿ. ಹಾಳೆಗೆ ಅಥವಾ ಕಾಲಂ-ಕ್ಷೇತ್ರಗಳ ಹೊಂದಿಕೆಗೆ ಹಿಂದಿರುಗಿ ಅಲ್ಲಿ ತಿದ್ದಿ, ಮತ್ತೆ ಫೈಲ್ ಮಾಡಿ, ಮತ್ತೆ ತನ್ನಿ. ಮಾದರಿ ಪೂರ್ತಿ ಸರಿಬರುವವರೆಗೆ ಇದೇ ಸುತ್ತು.

ಆಮೇಲೆ ಇಡೀ ಫೈಲನ್ನು ಪರೀಕ್ಷಾ ಯಂತ್ರಕ್ಕೆ ಒಮ್ಮೆ ತನ್ನಿ. ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಆಗ ತಿಳಿಯುತ್ತದೆ. ದೊಡ್ಡ ಸಂಗ್ರಹವಾದರೆ ಸರ್ವರಿನಲ್ಲಿ ಬಲ್ಕ್‌ಮಾರ್ಕ್‌ಇಂಪೋರ್ಟ್ ಎಂಬ ಸ್ಕ್ರಿಪ್ಟ್ ಬಳಸುತ್ತಾರೆ. ಅದರ 'ಟಿ' ಆಯ್ಕೆ ಏನನ್ನೂ ಬರೆಯದೆ ಫೈಲನ್ನು ಓದಿ ನೋಡುತ್ತದೆ. 'ಡಿ' ಆಯ್ಕೆ ಆಮದಿಗೆ ಮೊದಲು ಇಡೀ ಸೂಚಿಯನ್ನೇ ಅಳಿಸುತ್ತದೆ, ಪ್ರತಿಗಳ ಸಮೇತ. ಕೀಲಿಮಣೆ ಇನ್ನೊಬ್ಬರ ಕೈಗೆ ಕೊಡುವಾಗ ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಿ.

ನಿಜವಾದ ಆಮದಿಗೆ ರಜೆಯ ದಿನ ಆರಿಸಿ. ಬೆಳಿಗ್ಗೆ ಕೋಹಾ-ಡಂಪ್ ತೆಗೆದು ಆ ಫೈಲನ್ನು ಬೇರೆ ಯಂತ್ರಕ್ಕೆ ನಕಲು ಮಾಡಿ. ಆಮದಾದ ಮೇಲೆ ಮಾದರಿಯಲ್ಲಿ ಇಲ್ಲದ ಪುಸ್ತಕಗಳನ್ನು ಕಪಾಟಿನ ಬೇರೆ ಬೇರೆ ಸಾಲುಗಳಿಂದ ಎತ್ತಿಕೊಂಡು ಬಂದು ಓದಿಸಿ ನೋಡಿ. ಮೊದಲ ಕೆಲವು ವಾರ ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಪುಸ್ತಕ ಕೈಯಲ್ಲಿದ್ದು ಕೋಹಾದಲ್ಲಿ ಸಿಗದಿದ್ದರೆ ಅದರ ಅಕ್ಸೆಷನ್ ನಂಬರ್ ಬರೆದುಕೊಂಡು, ಅಂದೇ ಸಂಜೆ ಸೇರಿಸಬೇಕು. ಹಳೆಯ ತಂತ್ರಾಂಶವಿರುವ ಕಂಪ್ಯೂಟರನ್ನು ಮುಂದಿನ ವಾರ್ಷಿಕ ಪುಸ್ತಕ ತಪಾಸಣೆ ಮುಗಿಯುವವರೆಗೆ ತೆಗೆಯಬೇಡಿ. ಆ ತಪಾಸಣೆಯಲ್ಲಿ ಒಂದು ಪುಸ್ತಕದ ಬೆಲೆಯೋ ಬಂದ ದಿನಾಂಕವೋ ಅನುಮಾನಕ್ಕೆ ಬಂದರೆ ಅದರಲ್ಲಿ ನೋಡಿ, ಅಕ್ಸೆಷನ್ ರಿಜಿಸ್ಟರಿನ ಜೊತೆ ತಾಳೆ ಹಾಕಿಕೊಳ್ಳಬಹುದು.